ಇನ್ನೊಂದಪ್ಪನ ಚಿಕ್ಕ ಪೆಟ್ಟಿಗೆ

ಅವರ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದ ದಿನ ಶವಾಗಾರದ ನಲ್ಲಿ ಕೆಟ್ಟಿತ್ತು. ಹಿಂದಿನ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಕಲ್ಲಿನ ಮೇಜು ತೊಳೆಯುತ್ತಿದ್ದೆ. ಹೆಣದ ವ್ಯಾನಿನ ಡ್ರೈವರ್ ಬಾಗಿಲಿಗೆ ಒರಗಿ ನಿಂತು, ಹಚ್ಚದ ಸಿಗರೇಟನ್ನು ತುಟಿಯಲ್ಲಿ ಕಚ್ಚಿಕೊಂಡು ಹೇಳಿದ:

"ಅತ್ತಿಗೆ, ಕೇಳಿದ್ರಾ? ಸೋಮವಾರದಿಂದ ಒಬ್ಬ ಹೊಸಬ ಬರ್ತಾನಂತೆ. ನಮ್ಮ ಹೆಣಗಳಿಗೆಲ್ಲ ಜೋಡಿ ಮಾಡಿ ಇಡ್ತಾನಂತೆ."

"ಒಂದೊಂದನ್ನ ತೊಳೆಯೋಕೇ ನನ್ನ ಸೊಂಟ ಬಿದ್ದು ಹೋಗಿದೆ. ಇನ್ನು ಜೋಡಿ ಬೇರೆನಾ?"

"ಹೆಣಕ್ಕಲ್ಲ ಅತ್ತಿಗೆ, ಫೋಟೋಗೆ. ಕಂಪ್ಯೂಟರಲ್ಲಿ ಇರೋದಕ್ಕೆ."

"ಹೆಣದ ಫೋಟೋ ಯಾರೋ ಕದಿಯೋರು?"

"ಕದಿಯೋದಲ್ಲ, ಕಳೆದು ಹೋಗೋದು. ನಂಗೇನು ಗೊತ್ತು, ದೊಡ್ಡ ಡಾಕ್ಟ್ರು ಹೇಳ್ತಿದ್ರು."

ಡ್ರೈವರ್ ನನ್ನ ಗಂಡನ ಗೆಳೆಯ, ಅದಕ್ಕೇ ನಾನು ಅವನಿಗೆ ಅತ್ತಿಗೆ. ಹೆಣ ತೊಳೆಯುವ ಕೆಲಸ ಮೊದಲು ನನ್ನ ಗಂಡನದಾಗಿತ್ತು. ಅವರು ಹೋದ ಮೇಲೆ ಅದು ನನಗೆ ಬಂತು. ನಾಲ್ಕನೇ ಕ್ಲಾಸು ಓದಿದವಳಿಗೆ ಬೇರೆ ಯಾರು ಕೆಲಸ ಕೊಟ್ಟಾರು?

ನಮ್ಮಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಗುರುತಿಲ್ಲದವರು. ಸೇತುವೆ ಕೆಳಗೆ ಸಿಕ್ಕವರು, ರೈಲು ಹಳಿಯ ಹತ್ತಿರ ಸಿಕ್ಕವರು, ಚಳಿಗೆ ಬೆಂಚಿನ ಮೇಲೇ ಸೆಟೆದುಕೊಂಡವರು. ನಾನು ತೊಳೆದ ಮೇಲೆ ಫೋಟೋದವನು ಸ್ಟೂಲ್ ಹತ್ತಿ ಐದು ಚಿತ್ರ ತೆಗೆಯುತ್ತಿದ್ದ. ಮುಖ ಎದುರಿನಿಂದ ಒಂದು, ಎರಡು ಪಕ್ಕದಿಂದ ಎರಡು, ಕೈ ಒಂದು, ಬಟ್ಟೆ ಒಂದು. ಮೂವತ್ತು ದಿನ ತಣ್ಣನೆಯ ಕೋಣೆಯಲ್ಲಿ ಕಾಯುವುದು. ಯಾರೂ ಬರದಿದ್ದರೆ ಊರಾಚೆಯ ನೆಲದಲ್ಲಿ ನಂಬರು ಹಾಕಿದ ಗುಂಡಿ. ಬಟ್ಟೆಯನ್ನು ಸುಡುತ್ತಿದ್ದರು. ರಕ್ತ ತೆಗೆದಿಟ್ಟು ಗುರುತು ಹಿಡಿಯುವ ಪದ್ಧತಿ ನಮ್ಮಲ್ಲಿ ಆಗಿನ್ನೂ ಬಂದಿರಲಿಲ್ಲ. ಮಣ್ಣಿಗೆ ಹೋದ ಮೇಲೆ ಆ ಮನುಷ್ಯನದು ಅಂತ ಈ ಭೂಮಿಯ ಮೇಲೆ ಉಳಿಯುತ್ತಿದ್ದುದು ಆ ಐದು ಚಿತ್ರ, ರಿಜಿಸ್ಟರಿನ ಒಂದು ಸಾಲು, ಅಷ್ಟೇ.

ಸೋಮವಾರ ಅವರು ಬಂದರು. ನಲವತ್ತು ದಾಟಿದ, ಒಣಗಿದ ಕಡ್ಡಿಯಂಥ ಆಳು. ಜೇಬಿನಲ್ಲಿ ಎರಡು ಪೆನ್ನು, ಮೂಗಿನ ಮೇಲೊಂದು ಕನ್ನಡಕ, ಕೊರಳಿಗೆ ನೇತುಹಾಕಿದ್ದು ಇನ್ನೊಂದು. ಮಳೆಗಾಲ ದೂರವಿದ್ದರೂ ಎರಡು ಕೊಡೆ. ಕೋಣೆಯ ಬೀಗಕ್ಕೆ ಎರಡು ಕೀಲಿ ಬೇಕು ಅಂತ ಮೊದಲ ಗಂಟೆಯಲ್ಲೇ ಗುಮಾಸ್ತನ ಜೊತೆ ಜಗಳ. ಏನು ಕೊಟ್ಟರೂ "ಇನ್ನೊಂದು ಇರಲಿ" ಅನ್ನುತ್ತಿದ್ದರು. ಊಟದ ಹೊತ್ತಿಗಾಗಲೇ ಡ್ರೈವರ್ ನಾಮಕರಣ ಮುಗಿಸಿದ್ದ: ಇನ್ನೊಂದಪ್ಪ.

"ಏನ್ ಸಾರ್, ಮನೇಲೂ ಎರಡೇನಾ?" ಅಂತ ಅವನೇ ಕಣ್ಣು ಮಿಟುಕಿಸಿ ಕೇಳಿದ.

"ಒಬ್ಬಳೇ ಇದ್ದಳು," ಅಂದರು ಅವರು, ಡಬ್ಬಿಯ ಮುಚ್ಚಳ ತೆಗೆಯುತ್ತಾ. "ಅವಳಿಗೆ ಮಾತ್ರ ಜೋಡಿ ಮಾಡಿಡೋಕೆ ನನಗೆ ಬರಲಿಲ್ಲ."

ಡ್ರೈವರ್ ತುಟಿಯಿಂದ ಸಿಗರೇಟು ತೆಗೆದು ಜೇಬಿಗೆ ಹಾಕಿಕೊಂಡ. ಹೆಸರನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಮೂರನೇ ದಿನ ಇನ್ನೊಂದಪ್ಪ ಒಂದು ನೋಟ್‌ಬುಕ್ ಹಿಡಿದು ನಾನು ತೊಳೆಯುವ ಕೋಣೆಗೆ ಬಂದರು. ಅದುವರೆಗೆ ಆಫೀಸಿನವರು ಯಾರೂ ಆ ಹೊಸ್ತಿಲು ದಾಟಿರಲಿಲ್ಲ. ಮೂಗು ಮುಚ್ಚಿಕೊಳ್ಳದೆ ಸ್ಟೂಲಿನ ಮೇಲೆ ಕೂತರು.

"ಅಕ್ಕ, ಚಳಿಗಾಲದಲ್ಲಿ ವಾರಕ್ಕೆ ಎಷ್ಟು ಜನ ಬರ್ತಾರೆ? ಬೇಸಿಗೆಯಲ್ಲಿ ಎಷ್ಟು?"

"ಪುಸ್ತಕದಲ್ಲಿ ಇದೆಯಲ್ಲ ಸಾರ್."

"ಪುಸ್ತಕದಲ್ಲಿ ಒಟ್ಟು ಇದೆ. ಒಂದೇ ದಿನ ಎಷ್ಟು ಬಂದು ಬೀಳಬಹುದು ಅಂತ ನಿಮಗೆ ಮಾತ್ರ ಗೊತ್ತು."

ಹೇಳಿದೆ. ಸುಮ್ಮನಿದ್ದರೆ ವಾರಕ್ಕೆ ಇಬ್ಬರು. ಚಳಿ ಕಚ್ಚಿದರೆ ಮೂರು. ಬಸ್ಸು ಹೊಳೆಗೆ ಬಿದ್ದ ದಿನ ಒಂದೇ ಸಲ ಒಂಬತ್ತು. ಅವರು ಎದ್ದು ಹೋಗಿ ತಣ್ಣನೆಯ ಕೋಣೆಯ ಖಾನೆಗಳನ್ನು ಎಣಿಸಿದರು.

"ಹದಿನಾರು ಖಾನೆ ಇದೆ. ಹದಿನಾಲ್ಕಕ್ಕೆ ಮಾತ್ರ ಚೀಟಿ ಅಂಟಿಸಿದ್ದೀರಲ್ಲ?"

"ಕೊನೇ ಎರಡನ್ನ ತುಂಬಬಾರದು ಸಾರ್. ನಮ್ಮ ಮನೆಯವರ ಕಾಲದಿಂದ ಹಾಗೇ. ಹದಿನೈದನೇಯವರು ಬಂದ ದಿನ ಹದಿನಾರನೇಯವರು ಹಿಂದೇನೇ ಇರ್ತಾರೆ ಅಂತಿದ್ರು."

ಅವರು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. "ಖಾಲಿ ಬಿಟ್ಟ ಜಾಗ ಸುಮ್ಮನೆ ಬಿದ್ದಿದೆ ಅಂತ ಜನ ಅಂದ್ಕೋತಾರೆ. ಅದು ಕೆಲಸ ಮಾಡ್ತಾನೇ ಇರುತ್ತೆ ಅಕ್ಕ. ನಿಮ್ಮ ಯಜಮಾನ್ರು ಮಾಡ್ತಿದ್ದದ್ದೂ ನನ್ನ ಕೆಲಸಾನೇ."

ಅವರ ಕೆಲಸ ಏನು ಅಂತ ಆವತ್ತು ನನಗೆ ಬಿಡಿಸಿ ಹೇಳಿದರು. ಚಿತ್ರಗಳೆಲ್ಲ ಗುಮಾಸ್ತನ ಕಂಪ್ಯೂಟರಿನಲ್ಲಿ ಇರುತ್ತವೆ. ಇನ್ನೊಂದಪ್ಪನ ಕೋಣೆಯಲ್ಲಿ ಅದಕ್ಕೆ ಎರಡು ಪೆಟ್ಟಿಗೆ. ದೊಡ್ಡ ಪೆಟ್ಟಿಗೆ ಕನ್ನಡಿ ಇದ್ದ ಹಾಗೆ. ದಿನಾ ಸಾಯಂಕಾಲ ಆರಕ್ಕೆ, ಗುಮಾಸ್ತನ ಹತ್ತಿರ ಏನಿದೆಯೋ ಅದನ್ನೇ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಇವತ್ತು ಒಂದು ಚಿತ್ರ ಬದಲಾದರೆ ದೊಡ್ಡ ಪೆಟ್ಟಿಗೆಗೆ ಹೊಸದು ಬರುತ್ತದೆ, ಅಲ್ಲಿದ್ದ ಹಳೆಯದು ತಾರೀಕು ಹಾಕಿಸಿಕೊಂಡು ಚಿಕ್ಕ ಪೆಟ್ಟಿಗೆಗೆ ಹೋಗುತ್ತದೆ. ಯಾರಾದರೂ ಏನಾದರೂ ಕೆಡಿಸಿದರೆ ಚಿಕ್ಕ ಪೆಟ್ಟಿಗೆಯಿಂದ ಮೂವತ್ತು ದಿನ ಹಿಂದಿನ ತನಕ ಎತ್ತಿಕೊಳ್ಳಬಹುದು.

"ಚಿಕ್ಕ ಪೆಟ್ಟಿಗೆ ತುಂಬಿದ್ರೆ?"

"ಎಲ್ಲಕ್ಕಿಂತ ಹಳೇದು ಬಿದ್ದು ಹೋಗುತ್ತೆ."

"ಬಿದ್ದು ಎಲ್ಲಿ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ಅಕ್ಕ. ಇರೋದೇ ಇಲ್ಲ."

ಆಗ ನಮ್ಮಲ್ಲಿ ಹತ್ತು ವರ್ಷದಲ್ಲಿ ಸೇರಿದ ಸುಮಾರು ಒಂಬೈನೂರು ಜನರ ಚಿತ್ರ ಇದ್ದವು. ಎರಡು ವಾರ ಅವರು ಜಾಗದ ಅಂದಾಜಿನಲ್ಲೇ ಮುಳುಗಿದರು. ಫೋಟೋದವನನ್ನು ಹಿಡಿದು, ಹೊಸ ಕ್ಯಾಮೆರಾ ಬಂದರೆ ಒಂದೊಂದು ಚಿತ್ರ ಎಷ್ಟು ದಪ್ಪವಾಗುತ್ತೆ ಅಂತ ಕೇಳಿದರು. ಮೂರು ವರ್ಷಕ್ಕೆ ಎಷ್ಟು ಜನ ಸೇರುತ್ತಾರೆ, ಅದಕ್ಕೆ ದೊಡ್ಡ ಪೆಟ್ಟಿಗೆ ಎಷ್ಟು, ಚಿಕ್ಕದು ಎಷ್ಟು, ಎರಡರಲ್ಲೂ ಕಾಲುಭಾಗ ಖಾಲಿ. ಎಲ್ಲ ಬರೆದು ದೊಡ್ಡ ಡಾಕ್ಟರ ಮುಂದೆ ಇಟ್ಟರು. ನಾನು ಅಲ್ಲೇ ಹೊರಗೆ ನೆಲ ಒರೆಸುತ್ತಿದ್ದೆ.

"ಏನ್ರೀ ಇದು? ಇರೋದಕ್ಕಿಂತ ಖಾಲಿ ಜಾಗಾನೇ ಜಾಸ್ತಿ ಕೇಳಿದ್ದೀರಿ! ತುಂಬಿದ ಮೇಲೆ ಬನ್ನಿ, ನೋಡೋಣ."

"ತುಂಬಿದ ಮೇಲೆ ಬಂದ್ರೆ ತಗೊಂಡು ಬರೋಕೆ ಏನೂ ಉಳಿದಿರಲ್ಲ ಸಾರ್."

"ಪಾಠ ಬೇಡ. ಅರ್ಧ ತಗೊಳ್ಳಿ, ಹೊಂದಿಸ್ಕೊಳ್ಳಿ."

ಅವರು ನನ್ನ ಕೋಣೆಗೇ ಬಂದು ಸ್ಟೂಲಿನ ಮೇಲೆ ಕೂತರು. ದೊಡ್ಡ ಪೆಟ್ಟಿಗೆಯನ್ನು ಕತ್ತರಿಸುವ ಹಾಗಿಲ್ಲ, ಇದ್ದದ್ದೆಲ್ಲ ಅದರಲ್ಲಿ ಹಿಡಿಸಲೇಬೇಕು. ಕತ್ತರಿಸುವುದಿದ್ದರೆ ಚಿಕ್ಕದನ್ನೇ. ತುಂಬಾ ಹೊತ್ತು ಪೆನ್ನು ಕಚ್ಚಿದರು. ಆಮೇಲೆ ಮುಖ ಗೆಲುವಾಯಿತು.

"ಅಕ್ಕ, ಸತ್ತವರು ಬದಲಾಗಲ್ಲ ಅಲ್ವಾ? ಹೊಸಬರು ಬಂದು ಸೇರ್ತಾರೆ, ಹಳಬರು ಇದ್ದ ಹಾಗೇ ಇರ್ತಾರೆ. ಬದಲಾಗದೇ ಇರೋದಕ್ಕೆ ಚಿಕ್ಕ ಪೆಟ್ಟಿಗೇಲಿ ಜಾಗಾನೇ ಬೇಡ. ಸಾಕು, ಇಷ್ಟರಲ್ಲೇ ಆಗುತ್ತೆ."

"ಹೌದಲ್ಲ ಸಾರ್, ಸತ್ತವರು ಎಲ್ಲಿ ಬದಲಾಗ್ತಾರೆ," ಅಂದೆ ನಾನೂ.

ಅವರ ಜೀವ ತಿಂದ ತಪ್ಪು ಆ ಮಾತಿನೊಳಗೇ ಕೂತಿತ್ತು. ನಮ್ಮಿಬ್ಬರಿಗೂ ಕಾಣಲಿಲ್ಲ.

ಎರಡು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಶನಿವಾರ ಶನಿವಾರ ಅವರು ಪೆಟ್ಟಿಗೆಯಿಂದ ಹತ್ತು ಚಿತ್ರ ಎತ್ತಿ ತೆರೆದು ನೋಡುತ್ತಿದ್ದರು. "ತೆರೆದು ನೋಡದ ನಕಲು ನಕಲೇ ಅಲ್ಲ" ಅನ್ನುವುದು ಅವರ ಇನ್ನೊಂದು ಮಾತು. ಜೋಡಿ ಮಾತು ಅಂತ ಡ್ರೈವರ್ ನಗುತ್ತಿದ್ದ.

ಆಮೇಲೆ ಶುಕ್ರವಾರದಾಕೆ ಬಂದಳು.

ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮೊಣಕೈ ತನಕ ಸುಟ್ಟ ಬರೆಗಳು. ಶುಕ್ರವಾರ ಅವಳಿಗೆ ರಜೆ. ತಮ್ಮನನ್ನು ಹುಡುಕುತ್ತಿದ್ದಳು. ತಾಯಿ ತಂದೆ ಇಲ್ಲದ ಮನೆಯಲ್ಲಿ ಇವಳೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಲಿಫ್ಟ್ ರಿಪೇರಿ ಕೆಲಸ ಕಲಿತಿದ್ದ, ಇಪ್ಪತ್ತನಾಲ್ಕು ವರ್ಷ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಇವಳ ಜೊತೆ ಜಗಳವಾಡಿ ಬೇರೆ ಊರಿನಿಂದ ಇಲ್ಲಿಗೆ ಬಂದವನು, ಒಂದು ಫೋನು ಮಾಡಿದ್ದ, ಅಷ್ಟೇ. ಇವಳು ಇಲ್ಲೇ ಕೆಲಸ ಹಿಡಿದು ಕೂತು ಹುಡುಕುತ್ತಿದ್ದಳು.

ಗುಮಾಸ್ತನ ಕಂಪ್ಯೂಟರಿನಲ್ಲಿ ವಾರಕ್ಕೆ ಮೂವತ್ತು ಜನರ ಚಿತ್ರ ನೋಡುತ್ತಿದ್ದಳು. ಅದಕ್ಕಿಂತ ಹೆಚ್ಚು ನೋಡಿದರೆ ಎಲ್ಲ ಮುಖವೂ ಒಂದೇ ಆಗಿಬಿಡುತ್ತೆ ಅನ್ನುತ್ತಿದ್ದಳು. ಇವತ್ತಿನಿಂದ ಶುರು ಮಾಡಿ ಹಿಂದಕ್ಕೆ.

"ಅವನು ಬಂದ ತಿಂಗಳಿಂದಾನೇ ನೋಡಬಹುದಿತ್ತಲ್ಲ ತಾಯಿ?" ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

"ಹಿಂದಕ್ಕೆ ಹೋದಷ್ಟೂ ಅವನು ಬೇಗ ಸತ್ತ ಹಾಗಲ್ವಾ ಅಮ್ಮ? ನಮ್ಮೋನು ಸ್ವಲ್ಪ ದಿನಾನಾದ್ರೂ ಬದುಕಿರಲಿ."

ಆರು ಶುಕ್ರವಾರ ಕಳೆಯಿತು. ನಮ್ಮ ಚಿತ್ರಗಳೆಲ್ಲ ಅಡ್ಡಡ್ಡ. ಫೋಟೋದವನು ಮೇಜಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು ತೆಗೆಯುತ್ತಿದ್ದನಲ್ಲ, ಪರದೆಯ ಮೇಲೆ ಎಲ್ಲ ಮುಖವೂ ಮಲಗಿಕೊಂಡೇ ಇರುತ್ತಿತ್ತು. ಅವಳು ಕುತ್ತಿಗೆ ವಾಲಿಸಿಕೊಂಡು ಗಂಟೆಗಟ್ಟಲೆ ನೋಡುತ್ತಿದ್ದಳು, ಎದ್ದಾಗ ಕೈಯಿಂದ ಕತ್ತನ್ನು ನೇರ ಮಾಡಿಕೊಳ್ಳುತ್ತಿದ್ದಳು. ನಾನೇ ಹೋಗಿ ಇನ್ನೊಂದಪ್ಪನಿಗೆ ಹೇಳಿದೆ. "ಸಾರ್, ಆ ಹುಡುಗಿ ಕತ್ತು ನೋಡೋಕಾಗಲ್ಲ. ಇವರನ್ನೆಲ್ಲ ಎದ್ದು ಕೂತ ಹಾಗೆ ನೆಟ್ಟಗೆ ಮಾಡೋಕೆ ಬರಲ್ವಾ?"

"ಅದೇನು ಮಹಾ, ಒಂದು ದಿನದ ಕೆಲಸ," ಅಂದರು. ಯಾರಿಗಾದರೂ ಒಂದು ಉಪಕಾರ ಮಾಡಲು ಸಿಕ್ಕಿದ್ದು ಅವರಿಗೆ ಖುಷಿ.

ಮುಂದಿನ ಸೋಮವಾರ ಅಷ್ಟೂ ಚಿತ್ರಗಳನ್ನು ತಿರುಗಿಸಿದರು. ಅಷ್ಟು ಹೊತ್ತಿಗೆ ಸಾವಿರದ ನೂರು ಜನ, ಐದೂವರೆ ಸಾವಿರ ಚಿತ್ರ. ಕಂಪ್ಯೂಟರಿಗೆ ಹೇಳಿಬಿಟ್ಟರೆ ಅದೇ ಸಾಲಾಗಿ ತಿರುಗಿಸುತ್ತಾ ಹೋಗುತ್ತದೆ, ಹಳಬರಿಂದ ಹೊಸಬರ ಕಡೆಗೆ. ಸಾಯಂಕಾಲ ನನ್ನನ್ನು ಕರೆದು ತೋರಿಸಿದರು. ನಾನು ತೊಳೆದ ಜನ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದರು. ಮೊದಲ ಇಪ್ಪತ್ತು, ಕೊನೆಯ ಇಪ್ಪತ್ತು ತೆರೆದು ನೋಡಿದರು, ಸರಿಯಿದ್ದವು. ಒಂದಗುಳು ಹಿಚುಕಿದರೆ ಸಾಕಲ್ಲ.

ಶುಕ್ರವಾರ ಅವಳು ಬಂದು ಕೂತಳು. ನೆಟ್ಟಗಿದ್ದ ಮುಖಗಳನ್ನು ಕಂಡು ಇನ್ನೊಂದಪ್ಪನಿಗೆ ಕೈ ಮುಗಿದಳು. ಎರಡು ಮೂರು ಜನರನ್ನು ದಾಟಿ ಹಿಂದಕ್ಕೆ ಹೋದಳು, ನಿಂತಳು.

"ಸಾರ್, ಇದ್ಯಾಕೆ ಹೀಗಿದೆ?"

ಚಿತ್ರದ ತುದಿಯಲ್ಲಿ ಬೆರಳಗಲ ತಲೆಗೂದಲು. ಅದರ ಕೆಳಗೆ ಪೂರಾ ಬೂದು. ಅದರ ಹಿಂದಿನದೂ ಹಾಗೇ. ಅದರ ಹಿಂದಿನದೂ.

"ಗಾಬರಿ ಆಗಬೇಡಿ," ಅಂದರು ಇನ್ನೊಂದಪ್ಪ. ಮುಖದಲ್ಲಿ ಸಣ್ಣ ನಗುವೂ ಇತ್ತು. "ಇನ್ನೊಂದು ಇದೆ."

ತಮ್ಮ ಕೋಣೆಗೆ ಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ. ದೊಡ್ಡ ಪೆಟ್ಟಿಗೆ ತೆರೆದರು. ಬೂದು. ಅದು ಕನ್ನಡಿ ತಾನೇ, ಸೋಮವಾರ ಸಾಯಂಕಾಲ ಆರಕ್ಕೆ ಕೆಟ್ಟದ್ದನ್ನೇ ಇಟ್ಟುಕೊಂಡಿತ್ತು. ಚಿಕ್ಕ ಪೆಟ್ಟಿಗೆ ತೆರೆದರು. ಮೂವತ್ತು ದಿನದ ಹಿಂದಿನದು ಇರಬೇಕಾದಲ್ಲಿ ಮೂರು ದಿನದ್ದು ಮಾತ್ರ ಇತ್ತು. ಮಂಗಳವಾರ, ಬುಧವಾರ, ಗುರುವಾರ.

ಕುರ್ಚಿಯ ಕೈಗಳನ್ನು ಹಿಡಿದುಕೊಂಡು ಮೆಲ್ಲಗೆ ಕೂತರು. ಅವರು ಹೇಳಬೇಕಾಗಿರಲಿಲ್ಲ, ನನಗೆ ಅರ್ಥವಾಗಿತ್ತು. ಬದಲಾಗದ ಸತ್ತವರನ್ನು ಅವರೇ ಒಂದೇ ದಿನ ಅಷ್ಟೂ ಜನರನ್ನು ಬದಲಾಯಿಸಿದ್ದರು. ಐದೂವರೆ ಸಾವಿರ ಹಳೆಯ ಚಿತ್ರ ಆ ಪುಟ್ಟ ಪೆಟ್ಟಿಗೆಗೆ ಒಂದೇ ಸಲ ನುಗ್ಗಿದ್ದವು. ಅಲ್ಲಿ ಹಿಡಿಸದೆ ಅವೂ, ಮೊದಲೇ ಇದ್ದ ಹಳೆಯವೂ ಎಲ್ಲ ಬಿದ್ದು ಹೋಗಿದ್ದವು. ಹದಿನಾರು ಖಾನೆಯ ಕೋಣೆಗೆ ಸಾವಿರ ಹೆಣ ಬಂದ ಹಾಗೆ.

ಚಿತ್ರಗಳು ಕೆಟ್ಟದ್ದು ಹೇಗೆ ಅಂತಲೂ ಆಮೇಲೆ ತಿಳಿಯಿತು. ತಿರುಗಿಸಿದ ಚಿತ್ರ ಮೊದಲಿಗಿಂತ ಕೊಂಚ ದಪ್ಪವಾಗುತ್ತಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತನ ಕಂಪ್ಯೂಟರಿನಲ್ಲಿ ಜಾಗ ಮುಗಿದು, ಬರೆದದ್ದೆಲ್ಲ ಅರ್ಧಂಬರ್ಧ ಆಯಿತು. ಸ್ವಲ್ಪ ಹೊತ್ತಿಗೆ ಗುಮಾಸ್ತ ತನ್ನ ಬೇಡದ ಕಡತಗಳನ್ನು ಅಳಿಸಿದ, ಜಾಗವಾಯಿತು, ಮುಂದಿನವು ಸರಿಯಾದವು. ನಡುವೆ ಸಿಕ್ಕಿದವರು ನಲವತ್ತಮೂರು ಜನ. ಎರಡು ವರ್ಷದ ಹಿಂದಿನ ಒಂದು ಚಳಿಗಾಲ ಪೂರ್ತಿ. ಶುಕ್ರವಾರದಾಕೆಯ ತಮ್ಮ ಈ ಊರಿಗೆ ಬಂದ ಚಳಿಗಾಲ.

ಅವರು ಮುಚ್ಚಿಡಲಿಲ್ಲ. ಅವಳ ಮುಂದೆ ನಿಂತು, "ನನ್ನ ಕೈಯಿಂದ ಹೋಯ್ತು" ಅಂದರು. ಅವಳು ಬೈಯಲಿಲ್ಲ. "ಹಾಗಾದ್ರೆ ನಾನು ಇನ್ನು ಎಲ್ಲಿ ನೋಡ್ಲಿ?" ಅಂತ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡ ಡಾಕ್ಟರು ಬಾಗಿಲು ಹಾಕಿಸಿ ಅವರ ಜೊತೆ ಮಾತಾಡಿದರು. ಬಾಗಿಲು ತೆಳ್ಳಗಿತ್ತು.

"ನಲವತ್ತಮೂರು ಜನಾನ ಎರಡು ವರ್ಷದಿಂದ ಯಾರೂ ಕೇಳಿಕೊಂಡು ಬಂದಿಲ್ಲ. ನೀವ್ಯಾಕ್ರೀ ಡಂಗುರ ಹೊಡೀತೀರಿ?"

"ಒಬ್ಬರು ಬಂದಿದ್ದಾರೆ ಸಾರ್. ಹೊರಗೆ ಕೂತಿದ್ದಾರೆ."

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಯಾಕೆ ಅಂತ ಬರೆಯಬೇಕಾಗುತ್ತಿತ್ತು. ತಿಂಗಳೊಳಗೆ ಅವರು ಕೇಳಿದ್ದ ಜಾಗವೆಲ್ಲ ಬಂತು, ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು.

ಒಂದು ಮಧ್ಯಾಹ್ನ ಇನ್ನೊಂದಪ್ಪ ರಿಜಿಸ್ಟರು, ಎರಡು ಹೊಸ ನೋಟ್‌ಬುಕ್ಕು ಹಿಡಿದು ನನ್ನ ಸ್ಟೂಲಿನ ಮೇಲೆ ಬಂದು ಕೂತರು. ಮುಖ ಇಳಿದು ದವಡೆ ಎದ್ದಿತ್ತು.

"ಅಕ್ಕ, ನಲವತ್ತಮೂರು ಜನಾನೂ ನೀವೇ ತೊಳೆದಿದ್ದೀರಿ. ನಾನು ಒಬ್ಬೊಬ್ಬರ ಸಾಲು ಓದ್ತೀನಿ. ನೆನಪಿರೋದು ಹೇಳಿ. ಇಲ್ಲದ್ದು ಇಲ್ಲ ಅನ್ನಿ."

ಮೂರು ವಾರ ಹಿಡಿಯಿತು. ಅವರು ಓದುತ್ತಿದ್ದರು: "ಹೆಂಗಸು, ಸುಮಾರು ಅರವತ್ತು, ಮಾರ್ಕೆಟ್ಟಿನ ಹಿಂದೆ." ನಾನು ಕಣ್ಣು ಮುಚ್ಚಿದರೆ ಅವಳ ಕಿವಿ ಕಾಣುತ್ತಿತ್ತು, ಹರಿದು ಕೂಡಿಕೊಂಡ ಕಿವಿಹಾಲೆ. "ಗಂಡಸು, ಐವತ್ತು, ಬಸ್ ನಿಲ್ದಾಣ." ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಮಾತ್ರ ಬಿಳಿ, ಕಟ್ಟಿಸಿದ್ದು. ಮೈ ತೊಳೆಯುವ ಕೈಗೆ ಕೆಲವು ಮರೆಯುವುದಿಲ್ಲ. ಪ್ರತಿಯೊಬ್ಬರಿಗೂ ಅವರು ಅದೇ ಕ್ರಮದಲ್ಲಿ ಕೇಳುತ್ತಿದ್ದರು: ಕೂದಲು, ಹಣೆ, ಹುಬ್ಬು, ಮೂಗು, ಹಲ್ಲು, ಕೈ, ಕಾಲು. ನಾನು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದು, ಅಲ್ಲೇ ಕೂತು ಇನ್ನೊಂದರಲ್ಲೂ ಬರೆಯುತ್ತಿದ್ದರು. ಒಂದು ಆಫೀಸಿನ ಬೀರುವಿಗೆ, ಒಂದು ಅವರ ಮನೆಗೆ.

ಇಪ್ಪತ್ತೊಂಬತ್ತು ಜನ ನೆನಪಿಗೆ ಬಂದರು. ಹದಿನಾಲ್ಕು ಜನ ಬರಲೇ ಇಲ್ಲ. ಅವರಲ್ಲಿ ಒಬ್ಬನ ಬಗ್ಗೆ ನಾನು, "ಬಹುಶಃ ಮೀಸೆ ಇತ್ತೇನೋ ಸಾರ್," ಅಂದೆ. ಅವರು ಪೆನ್ನು ಕೆಳಗಿಟ್ಟರು.

"ಇತ್ತಾ, ಇತ್ತೇನೋನಾ?"

"ನಿಮ್ಮ ಮುಖ ನೋಡೋಕಾಗ್ದೆ ಅಂದೆ."

"ಬೇಡ ಅಕ್ಕ. ಸುಳ್ಳು ನಕಲಿಗಿಂತ ಖಾಲಿ ಜಾಗಾನೇ ಮೇಲು. ಖಾಲಿ ಇದ್ರೆ ಹುಡುಕೋರು ಹುಡುಕ್ತಾ ಇರ್ತಾರೆ."

ಆ ಹದಿನಾಲ್ಕು ಹಾಳೆಗಳಲ್ಲಿ 'ನೆನಪಿಲ್ಲ' ಅಂತಷ್ಟೇ ಬರೆದರು.

ನೆನಪಿಗೆ ಬಂದ ಇಪ್ಪತ್ತೊಂಬತ್ತರಲ್ಲಿ ಒಬ್ಬ ಹುಡುಗ. ಇಪ್ಪತ್ತೈದರ ಒಳಗಿನವನು. ಕಟ್ಟುತ್ತಿದ್ದ ಕಟ್ಟಡದ ಕೆಳಗೆ ಸಿಕ್ಕಿದವನು. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು, ಮೂರು ಸಲ ಸೋಪು ಹಾಕಿದರೂ ಹೋಗಿರಲಿಲ್ಲ. "ಹುಬ್ಬು?" ಅಂತ ಇನ್ನೊಂದಪ್ಪ ಕೇಳಿದಾಗ ಇದ್ದದ್ದನ್ನೇ ಹೇಳಿದ್ದೆ. ತಲೆಗೆ ಪೆಟ್ಟಾಗಿ, ಆಸ್ಪತ್ರೆಯವರು ಹಣೆಯಿಂದ ಕಣ್ಣಿನ ತನಕ ಬ್ಯಾಂಡೇಜು ಸುತ್ತಿದ್ದರು. ಬಿಚ್ಚಬೇಡ ಅಂದಿದ್ದರು, ಬಿಚ್ಚಲಿಲ್ಲ. ಹುಬ್ಬು ನಾನು ನೋಡಿಲ್ಲ.

ಅವರು ಹಾಗೇ ಬರೆದುಕೊಂಡರು. ಎರಡು ಪುಸ್ತಕದಲ್ಲೂ.

ಮುಂದಿನ ಶುಕ್ರವಾರ ಅವಳು ಬಂದಾಗ ಇನ್ನೊಂದಪ್ಪ ಡಾಕ್ಟರ ಕೋಣೆಯಲ್ಲಿದ್ದರು. ಅವಳು ನನ್ನ ಹತ್ತಿರ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಗ್ರೀಸಿನ ಹುಡುಗನ ವಿಷಯ ಹೇಳಿದೆ. ಅವಳ ಕೈ ನನ್ನ ಒದ್ದೆ ಕೈಯನ್ನು ಹಿಡಿಯಿತು.

"ಎಡ ಹುಬ್ಬಿನ ಮಧ್ಯೆ ಒಂದು ಗೆರೆ ಇತ್ತಾ ಅಮ್ಮ? ಕೂದಲು ಬೆಳೀದೇ ಇರೋ ಗೆರೆ? ಚಿಕ್ಕವನಿದ್ದಾಗ ನನ್ನ ಕೈಯಿಂದಾನೇ ಬಿದ್ದಿದ್ದ. ಅದೊಂದು ಇದ್ರೆ ಅವನೇ."

ನಾನು ಅವಳ ಕೈಯ ಬರೆಗಳನ್ನು ನೋಡಿದೆ. ಅವಳ ಕುತ್ತಿಗೆಯನ್ನು ನೋಡಿದೆ, ಈಗಲೂ ಒಂದು ಕಡೆಗೆ ವಾಲಿಕೊಂಡೇ ಇತ್ತು. ಮೂರು ವಾರದಿಂದ ಡಬ್ಬಿಯ ಊಟವನ್ನು ಬೆಕ್ಕಿಗೆ ಹಾಕುತ್ತಿದ್ದ ಆ ಮನುಷ್ಯ ಕಣ್ಣ ಮುಂದೆ ಬಂದರು.

"ಇತ್ತು ಕಣಮ್ಮ," ಅಂದೆ.

ಅವಳು ಅತ್ತಳು. ಅದು ಬೇರೆ ಅಳು. ಬಹಳ ದಿನದಿಂದ ಹೊತ್ತ ಮೂಟೆಯನ್ನು ಇಳಿಸಿದವರು ಹಾಗೆ ಅಳುತ್ತಾರೆ, ನಾನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದಪ್ಪ ಬಂದು ಬಾಗಿಲಲ್ಲಿ ನಿಂತರು. ನಾನು ಬಕೆಟ್ಟಿನ ಕಡೆ ತಿರುಗಿದೆ.

"ಹುಬ್ಬು ನೆನಪಾಯ್ತಾ ಅಕ್ಕ?"

"ಆಯ್ತು ಸಾರ್. ಬ್ಯಾಂಡೇಜು ಸ್ವಲ್ಪ ಜಾರಿತ್ತು. ಈಗ ನೆನಪಾಯ್ತು."

ಆಮೇಲೆ ಬೀರುವಿನಿಂದ ಪುಸ್ತಕ ತಂದು, ಹಳೆಯ ಸಾಲು ಹೊಡೆದು ಹಾಕಿ, ಹೊಸದು ಬರೆದರು. ಮತ್ತೇನೂ ಕೇಳಲಿಲ್ಲ. ಆ ಮಧ್ಯಾಹ್ನ ಡಬ್ಬಿಯ ಊಟ ಪೂರ್ತಿ ಮಾಡಿದರು. ಒಂದು ಸುಳ್ಳಿಗೆ ಎರಡು ಜೀವ ಉಳಿಯಿತು ಅಂತ ನಾನು ಅಂದುಕೊಂಡೆ. ಆ ಗುಂಡಿಯ ನಂಬರು ತೆಗೆಸಿ ಅವಳು ತಮ್ಮನ ಹೆಸರಿನ ಕಲ್ಲು ನಿಲ್ಲಿಸಿದಳು. ಶುಕ್ರವಾರ ಬರುವುದು ನಿಂತಿತು.

ಮುಂದೆ ಮೂರು ವರ್ಷ ಇನ್ನೊಂದಪ್ಪ ನಮ್ಮಲ್ಲೇ ಇದ್ದರು. ಕೆಲಸ ಮೊದಲಿನ ಹಾಗೇ ಮಾಡಿದರು. ಶನಿವಾರ ಹತ್ತು ಚಿತ್ರ ನೋಡುತ್ತಿದ್ದವರು ಇನ್ನೂರು ನೋಡತೊಡಗಿದರು. "ಇನ್ನೊಂದು ಇರಲಿ" ಅನ್ನುವ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಡ್ರೈವರ್ ಕೆಣಕಿದರೂ ಬರಲಿಲ್ಲ. "ಸಾರ್ ಈಗ ಬರೀ ಒಂದಪ್ಪ ಆಗಿಬಿಟ್ರು ಅತ್ತಿಗೆ," ಅಂತ ಅವನು ನನ್ನ ಹತ್ತಿರ ಬೇಸರ ಮಾಡಿಕೊಂಡ.

ಆಮೇಲೆ ಹೊಟ್ಟೆಯ ಕಾಯಿಲೆ ಬಂತು. ಕೊಯ್ದು ನೋಡಿ ಹಾಗೇ ಹೊಲಿದು ಕಳಿಸಿದರು. ರಜೆಯ ಮೇಲೆ ಹೋದವರು ಬರಲಿಲ್ಲ, ನನಗೆ ಬರಹೇಳಿ ಕಳಿಸಿದರು. ನಾನು ಒಂದು ಭಾನುವಾರ ಮಧ್ಯಾಹ್ನ ಹೋದೆ.

ಮೂರನೇ ಮಹಡಿಯ ಒಂದೇ ಕೋಣೆ. ಹಗ್ಗ ಹೆಣೆದ ಎರಡು ಕುರ್ಚಿ, ಅದರಲ್ಲಿ ಒಂದರ ಹಗ್ಗ ಸವೆದಿತ್ತು, ಇನ್ನೊಂದರದು ಹೊಸದರ ಹಾಗೆ. ಎರಡು ದಿಂಬು. ಗೋಡೆಗೆ ಎರಡು ಗಡಿಯಾರ, ಎರಡೂ ಸರಿಯಾದ ಹೊತ್ತು ತೋರಿಸುತ್ತಿದ್ದವು. ಅವರು ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮೈ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಎಷ್ಟು ದಿನ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಏನ್ ಅಕ್ಕ, ಅಳತೆ ತಗೋತಿದ್ದೀರಾ?" ಅಂದರು.

"ಸುಮ್ನಿರಿ ಸಾರ್. ನನ್ನ ಕೈಗೆ ಬರೋ ಆತುರ ಯಾಕೆ ನಿಮಗೆ?"

"ಹದಿನೈದನೇ ಖಾನೆ ಖಾಲಿ ಇದೆಯಾ?"

"ಇದೆ, ಇದೆ. ಖಾಲಿನೇ ಇರ್ಲಿ."

ನಕ್ಕರು, ನಗು ನೋವಿಗೆ ತಿರುಗಿತು. ನೀರು ಕುಡಿಸಿದೆ. ಆಮೇಲೆ ದಿಂಬಿನ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದರು. ಗುರುತು ಸಿಕ್ಕಿತು. ಮನೆಯಲ್ಲಿ ಇಟ್ಟುಕೊಂಡಿದ್ದ ಇನ್ನೊಂದು ಪುಸ್ತಕ. ಒಂದು ಹಾಳೆ ತೆರೆದು ನನ್ನ ಮುಂದೆ ಹಿಡಿದರು. ಕೂಡಿಸಿ ಕೂಡಿಸಿ ಓದಿದೆ. 'ಹುಬ್ಬು: ಬ್ಯಾಂಡೇಜಿನ ಒಳಗೆ. ನೋಡಿಲ್ಲ.'

"ಆಫೀಸಿನ ಪುಸ್ತಕದಲ್ಲಿ ತಿದ್ದಿದೆ. ಇದರಲ್ಲಿ ತಿದ್ದೋಕೆ ಕೈ ಬರಲಿಲ್ಲ ಅಕ್ಕ."

ನಾನು ಹಾಳೆಯಿಂದ ಕಣ್ಣೆತ್ತಿದೆ. "ಅವತ್ತೇ ಗೊತ್ತಿತ್ತಾ ನಿಮಗೆ?"

"ಬಾಗಿಲಲ್ಲಿ ನಿಂತಾಗಲೇ ಗೊತ್ತಾಯ್ತು. ಗೊತ್ತಿದ್ದೂ ಬರ್ಕೊಂಡೆ. ಅವಳು ಅಳು ನಿಲ್ಲಿಸಿದ್ಲಲ್ಲ, ಅಷ್ಟು ಸಾಕಿತ್ತು ನನಗೆ. ನಿಮ್ಮದಲ್ಲ ತಪ್ಪು, ನನ್ನದು."

"ಹುಡುಗಿ ಸಮಾಧಾನವಾಗಿದ್ದಾಳೆ ಸಾರ್. ಕಲ್ಲಿಗೆ ಹೂ ಇಟ್ಟು ಬರ್ತಾಳಂತೆ. ಈಗ್ಯಾಕೆ ಗಾಯ ಕೆರೆಯೋದು?"

ಅವರು ಕಣ್ಣು ಮುಚ್ಚಿಕೊಂಡು ಮಾತಾಡಿದರು. ಒಂದೊಂದು ಮಾತಿನ ನಡುವೆ ಉಸಿರು ಹುಡುಕಬೇಕಾಗಿತ್ತು.

"ಅವನೇ ಆಗಿದ್ರೂ ಆಗಿರಬಹುದು. ಅಲ್ಲದೇ ಇದ್ರೆ? ಅವಳ ತಮ್ಮ ಇನ್ನೆಲ್ಲೋ ಇದ್ದಾನೆ. ಬದುಕಿದ್ದಾನೋ, ಆ ಹದಿನಾಲ್ಕು ಜನರಲ್ಲಿದ್ದಾನೋ. ಈಗ ಅವನನ್ನ ಹುಡುಕೋರು ಈ ಭೂಮಿ ಮೇಲೆ ಒಬ್ಬರೂ ಇಲ್ಲ. ಇದ್ದ ಒಬ್ಬಳನ್ನೂ ನಾವೇ ಮನೆಗೆ ಕಳಿಸಿದ್ವಿ." ಮತ್ತೆ ಅಂದರು: "ಆ ಗ್ರೀಸಿನ ಹುಡುಗನಿಗೂ ಒಬ್ಬ ಅಕ್ಕ ಇರಬಹುದು. ಬಂದು ನೋಡಿದ್ರೆ ಅವನ ತಲೆ ಮೇಲೆ ಬೇರೆಯವನ ಹೆಸರು."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಹೊಸ ಹಗ್ಗದ ಕುರ್ಚಿಯಲ್ಲಿ ಕೂತಿದ್ದೇನೆ ಅಂತ ಆಗ ಗೊತ್ತಾಯಿತು. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ.

"ನಾನೇ ಹೋಗಬೇಕಿತ್ತು," ಅಂದರು. "ಮೂರು ವರ್ಷ ನಾಳೆ ನಾಳೆ ಅಂದೆ. ಈಗ ಮೆಟ್ಟಿಲು ಇಳಿಯೋಕಾಗಲ್ಲ."

ಪುಸ್ತಕದ ಕೊನೆಯ ಹಾಳೆಯಿಂದ ಎರಡು ಚೀಟಿ ತೆಗೆದರು. ಎರಡರಲ್ಲೂ ಅದೇ ವಿಳಾಸ, ನಾನು ಓದುವ ಹಾಗೆ ದಪ್ಪ ದಪ್ಪ ಅಕ್ಷರದಲ್ಲಿ. ಅವಳಿದ್ದ ಬೀದಿ, ಮನೆ, ಲಾಂಡ್ರಿಯ ರಜೆಯ ದಿನ. ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಅವರ ಕೈ ಆಗಲೇ ತಣ್ಣಗಿತ್ತು.

"ಒಂದು ನಿಮ್ಮ ಸೊಂಟದ ಚೀಲದಲ್ಲಿರಲಿ, ಒಂದು ಮನೇಲಿಡಿ. ಒಂದು ಕಳೆದ್ರೆ ಇನ್ನೊಂದು ಇರಲಿ. ಶುಕ್ರವಾರ ಅವಳು ಮನೇಲಿರ್ತಾಳೆ. ಹುಬ್ಬು ನೋಡಿರಲಿಲ್ಲ ಅಂತ ಹೋಗಿ ಹೇಳಿ ಅಕ್ಕ."